ಪದ ಪರಿಚಯ: ಪೋಲ್‌ಕಿಟ್

ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಜಿನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಪುಟ ತೆರೆದರೆ ‘ಅನ್‌ಲಾಕ್’ ಅಂತ ಒಂದು ಬಟನ್ ಕಾಣುತ್ತದೆ. ಒತ್ತಿ ಪಾಸ್‌ವರ್ಡ್ ಕೊಟ್ಟರೆ ಹೊಸ ಯೂಸರ್ ಸೇರಿಸಬಹುದು. ಇದು ರೂಟ್, ಅಂದರೆ ಸಿಸ್ಟಮ್‌ನ ಪೂರ್ಣ ಅಧಿಕಾರ ಇರುವ ಯೂಸರ್, ಮಾತ್ರ ಮಾಡಬಹುದಾದ ಕೆಲಸ. ಆದರೂ ಸೆಟ್ಟಿಂಗ್ಸ್ ಆ್ಯಪ್ ಒಂದು ಕ್ಷಣವೂ ರೂಟ್ ಆಗುವುದಿಲ್ಲ. ಮೊದಲಿಂದ ಕೊನೆವರೆಗೂ ಅದು ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತದೆ. ಇದನ್ನು ಸಾಧ್ಯ ಮಾಡುವುದು ಪೋಲ್‌ಕಿಟ್.

ಯಾರಿಗೆ, ಯಾವ ಅಡ್ಮಿನ್ ಕೆಲಸಕ್ಕೆ, ಯಾವಾಗ ಅನುಮತಿ ಕೊಡಬೇಕು ಅಂತ ತೀರ್ಮಾನಿಸುವ ಲಿನಕ್ಸ್ ವ್ಯವಸ್ಥೆ ಇದು. ಮೊದಲು ಪಾಲಿಸಿಕಿಟ್ ಅಂತಿದ್ದ ಹೆಸರು 2012ರಲ್ಲಿ ಪೋಲ್‌ಕಿಟ್ ಆಯಿತು. ಕಮಾಂಡನ್ನು ರೂಟ್ ಆಗಿ ಓಡಿಸುವ ಸುಡೋ ಇದ್ದೇ ಇದೆಯಲ್ಲ, ಇದ್ಯಾಕೆ ಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ.

ಸುಡೋ ಹುಟ್ಟಿದ್ದು 1980ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ. ಲಿನಕ್ಸ್‌ನಲ್ಲಿ ವಿಂಡೋಗಳನ್ನು ಬಹುಕಾಲ ತೋರಿಸುತ್ತಾ ಬಂದ ಎಕ್ಸ್ ಶುರುವಾಗಿದ್ದು 1984ರಲ್ಲಿ. ಅಂದರೆ ಸುಡೋ ಟರ್ಮಿನಲ್ ಕಮಾಂಡ್‌ಗಳಿಗಾಗಿ ಮಾಡಿದ್ದು. ಕಮಾಂಡ್ ಬರುತ್ತದೆ, ಕೆಲಸ ಮುಗಿಸುತ್ತದೆ, ಹೋಗುತ್ತದೆ. ಗ್ರಾಫಿಕಲ್ ಆ್ಯಪ್ ಹಾಗಲ್ಲ. ಥೀಮ್, ಫಾಂಟ್, ಐಕಾನ್, ಪ್ಲಗಿನ್, ಚಿತ್ರ ತೆರೆಯುವ ಲೈಬ್ರರಿ ಎಲ್ಲವನ್ನೂ ಹೊತ್ತು ತರುತ್ತದೆ. ತನ್ನ ಸೆಟ್ಟಿಂಗ್‌ಗಳನ್ನು ಹೋಮ್ ಫೋಲ್ಡರ್‌ನಲ್ಲಿ ಬರೆಯುತ್ತದೆ. ಜಿಎಡಿಟ್ ಎಂಬ ಎಡಿಟರನ್ನು ‘ಸುಡೋ ಜಿಎಡಿಟ್’ ಅಂತ ತೆರೆದಾಗ ಈ ಇಡೀ ದಂಡು ರೂಟ್ ಆಗಿಬಿಡುತ್ತದೆ. ನಮಗೆ ಬೇಕಿದ್ದದ್ದು ಒಂದು ಫೈಲ್ ಸೇವ್ ಮಾಡುವುದು ಮಾತ್ರ, ಅಲ್ವಾ?

ಇದರಿಂದ ಬರುವ ಅತಿ ಕಾಟದ ತೊಂದರೆ ಲಾಗಿನ್ ಲೂಪ್. ಪಾಸ್‌ವರ್ಡ್ ಸರಿಯಾಗೇ ಇರುತ್ತದೆ. ಸ್ಕ್ರೀನ್ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ. ಎಷ್ಟು ಸಲ ಟೈಪ್ ಮಾಡಿದರೂ ಅಷ್ಟೇ. ಸ್ಕ್ರೀನ್ ಬಳಸಲು ಆ್ಯಪ್‌ಗಳಿಗೆ ಬೇಕಾದ ಗುರುತಿನ ಕೀಲಿಯನ್ನು ಎಕ್ಸ್ ‘ಎಕ್ಸ್‌ಅಥಾರಿಟಿ’ ಎಂಬ ಫೈಲ್‌ನಲ್ಲಿ ಇಡುತ್ತದೆ. ಲಾಗಿನ್ ಪುಟ ತೋರಿಸಲು ಲೈಟ್‌ಡಿಎಂ ಇರುವ ಸಿಸ್ಟಮ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ, ಹೆಸರಿನ ಮುಂದೆ ಚುಕ್ಕಿ ಇಟ್ಟುಕೊಂಡು ಅಡಗಿರುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ 19.04ರವರೆಗೂ ಸುಡೋ ಕೊಟ್ಟಾಗ ಹೋಮ್ ಫೋಲ್ಡರ್ ಬದಲಾಗುತ್ತಿರಲಿಲ್ಲ. ರೂಟ್ ಆಗಿ ಓಡುವ ಆ್ಯಪ್ ನಿಮ್ಮ ಫೋಲ್ಡರ್‌ನಲ್ಲೇ ಬರೆಯುತ್ತಿತ್ತು. ಅದು ಈ ಫೈಲನ್ನೂ ಹೊಸದಾಗಿ ಬರೆದರೆ ಮುಗೀತು: ಫೈಲ್ ರೂಟ್ ಹೆಸರಿಗೆ ಹೋಯಿತು, ನಿಮ್ಮ ಸೆಷನ್‌ಗೆ ಓದಲು ಆಗುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಟರ್ಮಿನಲ್‌ಗೆ ಹೋಗಿ, ಚೌನ್ ಕಮಾಂಡ್‌ನಿಂದ ಅದನ್ನು ಮತ್ತೆ ನಿಮ್ಮ ಹೆಸರಿಗೆ ಮಾಡಿದರೆ ಲಾಗಿನ್ ಆಗುತ್ತದೆ. ಗೊತ್ತಿಲ್ಲದವರು ಸುಮ್ನೆ ಓಎಸ್ ಅನ್ನೇ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ, ಪಾಪ. 19.10ರಿಂದ ಉಬುಂಟು ಸುಡೋದ ಆ ನಡವಳಿಕೆಯನ್ನು ಬದಲಿಸಿದೆ.

ಎರಡನೆಯ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ನನ್ನ ಪ್ರಕಾರ ಇದೇ ದೊಡ್ಡದು. ಎಕ್ಸ್‌ನಲ್ಲಿ ಒಂದು ವಿಂಡೋಗೂ ಇನ್ನೊಂದಕ್ಕೂ ನಡುವೆ ಗೋಡೆ ಇಲ್ಲ. ಯಾವುದೇ ಆ್ಯಪ್ ಪಕ್ಕದ ವಿಂಡೋದಲ್ಲಿ ಒತ್ತಿದ ಕೀಗಳನ್ನು ಓದಬಹುದು, ತಾನೇ ಕೀ ಒತ್ತಿದಂತೆ ನಟಿಸಲೂಬಹುದು. ನಿಮ್ಮ ಫೈಲ್ ಮ್ಯಾನೇಜರ್ ರೂಟ್ ಆಗಿ ತೆರೆದಿದ್ದರೆ, ಅಧಿಕಾರವೇ ಇಲ್ಲದ ಒಂದು ಕೆಟ್ಟ ಪ್ರೋಗ್ರಾಂ ಅದರ ಮೂಲಕ ಇಡೀ ಸಿಸ್ಟಮ್ ಆಳಬಹುದು. ಈ ಭಯಕ್ಕೇ 2017ರಲ್ಲಿ ಕೆಡಿಇ ಡೆಸ್ಕ್‌ಟಾಪ್ ತಂಡದವರು ತಮ್ಮ ಎಡಿಟರ್ ಕೇಟ್ ಮತ್ತು ಫೈಲ್ ಮ್ಯಾನೇಜರ್ ಡಾಲ್ಫಿನ್ ರೂಟ್ ಆಗಿ ತೆರೆಯದಂತೆ ತಡೆದರು. ಬಳಕೆದಾರರು ತುಂಬಾ ಬೈದರು. ಆದರೂ ಅವರ ಕಾರಣ ಗಟ್ಟಿಯಾಗಿತ್ತು.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ಥೀಮ್ ಬೇರೆ ಕಾಣುತ್ತದೆ, ಸೌಂಡ್ ಬರುವುದಿಲ್ಲ. ಟೈಪಿಂಗ್‌ಗೆ ನೆರವಾಗುವ ಐಬಸ್ ನಿಮ್ಮ ಸೆಷನ್‌ನಲ್ಲಿ ಓಡುವುದರಿಂದ ರೂಟ್ ಎಡಿಟರ್‌ನಲ್ಲಿ ಕನ್ನಡ ಟೈಪಿಂಗ್ ಎಷ್ಟೋ ಸಲ ಕೈಕೊಡುತ್ತದೆ. ಎಕ್ಸ್‌ನ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಂತೂ ಎಷ್ಟೋ ಆ್ಯಪ್‌ಗಳು ರೂಟ್ ಆಗಿ ತೆರೆಯುವುದೇ ಇಲ್ಲ. 2017ರ ಉಬುಂಟು 17.10ರಲ್ಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಸಿನಾಪ್ಟಿಕ್ ಮತ್ತು ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್ ನಿಂತುಹೋಗಿದ್ದು ಹೀಗೇ. ಎಕ್ಸ್‌ಹೋಸ್ಟ್ ಕಮಾಂಡ್ ಕೊಟ್ಟು ರೂಟ್‌ಗೆ ಬಾಗಿಲು ತೆರೆಯಬಹುದು. ಆದರೆ ಹಾಗೆ ಮಾಡಿದರೆ ಹಳೆಯ ಅಪಾಯವನ್ನು ನಾವೇ ಕರೆದಂತೆ.

ಪೋಲ್‌ಕಿಟ್ ಕೆಲಸವನ್ನು ಎರಡು ಹೋಳು ಮಾಡುತ್ತದೆ. ಜಿನೋಮ್ ಡಿಸ್ಕ್ಸ್ ನೋಡಿ. ನೀವು ನೋಡುವ ವಿಂಡೋ ನಿಮ್ಮ ಹೆಸರಿನಲ್ಲಿದೆ. ಡಿಸ್ಕ್ ಮುಟ್ಟುವುದು ಹಿಂದೆ ರೂಟ್ ಆಗಿ ಓಡುವ ಯುಡಿಸ್ಕ್ಸ್ ಎಂಬ ಪುಟ್ಟ ಸೇವೆ. ‘ಇದನ್ನು ಫಾರ್ಮ್ಯಾಟ್ ಮಾಡು’ ಅಂತ ವಿಂಡೋ ಡಿ-ಬಸ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ದಾರಿ) ಮೂಲಕ ಕೇಳುತ್ತದೆ. ಮಾಡಬಹುದಾ ಅಂತ ಯುಡಿಸ್ಕ್ಸ್ ಪೋಲ್‌ಕಿಟ್‌ಗೆ ಕೇಳುತ್ತದೆ. ಪೋಲ್‌ಕಿಟ್ ನಿಯಮ ನೋಡುತ್ತದೆ, ಬೇಕಾದರೆ ಪಾಸ್‌ವರ್ಡ್ ಕೇಳಿಸುತ್ತದೆ, ಆ ಒಂದು ಕೆಲಸಕ್ಕೆ ಹೂಂ ಅಥವಾ ಊಹೂಂ ಅನ್ನುತ್ತದೆ. ಇನ್ನೊಂದು ಜಾಣತನವೂ ಇದೆ: ಕಂಪ್ಯೂಟರ್ ಮುಂದೆ ಕೂತವರಿಗೆ ಪೆನ್‌ಡ್ರೈವ್ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತದೆ. ಅದೇ ಯೂಸರ್ ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್‌ನಲ್ಲಿ ಬಂದರೆ ಪಾಸ್‌ವರ್ಡ್ ಕೇಳುತ್ತದೆ. ಜಿಪಾರ್ಟೆಡ್ ಹೀಗೆ ಎರಡು ಹೋಳಾಗಿಲ್ಲ, ಇಡೀ ವಿಂಡೋನೇ ರೂಟ್. ಅದಕ್ಕೇ ವೇಲ್ಯಾಂಡ್‌ನಲ್ಲಿ ಎಡವಿತು.

ಪೋಲ್‌ಕಿಟ್ ಜೊತೆ ಬರುವ ಪಿಕೆಎಕ್ಸೆಕ್ ಅನ್ನು ಹೊಸ ಸುಡೋ ಅಂದುಕೊಳ್ಳಬೇಡಿ. ಅದೂ ಇಡೀ ಪ್ರೋಗ್ರಾಂ ಅನ್ನೇ ರೂಟ್ ಮಾಡುತ್ತದೆ, ಮೇಲಾಗಿ ಸ್ಕ್ರೀನ್‌ನ ವಿಳಾಸವನ್ನು ಅಳಿಸಿಬಿಡುವುದರಿಂದ ಮಾಮೂಲಿ ಆ್ಯಪ್‌ಗಳು ತೆರೆಯುವುದೂ ಇಲ್ಲ. 2009ರಿಂದ ಅದರಲ್ಲೇ ಅಡಗಿದ್ದ ‘ಪ್ವನ್‌ಕಿಟ್’ ಎಂಬ ದೋಷವನ್ನು 2022ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ಬಯಲು ಮಾಡಿತು. ಯಾವ ಯೂಸರ್ ಬೇಕಾದರೂ ರೂಟ್ ಆಗುವಂಥ ದೋಷ ಅದು.

ದಿನಬಳಕೆಯಲ್ಲಿ ಹೆಚ್ಚಾಗಿ ಬೇಕಾಗುವುದು ಸಿಸ್ಟಮ್ ಫೈಲ್ ತಿದ್ದುವುದು. ಅದಕ್ಕೆ ಸುಡೋಎಡಿಟ್ ಇದೆ. ಫೈಲ್‌ನ ನಕಲು ಮಾಡಿ, ಎಡಿಟರನ್ನು ನಿಮ್ಮ ಹೆಸರಿನಲ್ಲೇ ತೆರೆದು, ಮುಚ್ಚಿದ ಮೇಲೆ ಮೂಲ ಜಾಗಕ್ಕೆ ಬರೆಯುತ್ತದೆ. ಜಿನೋಮ್‌ನಲ್ಲಿ ಫೈಲ್ಸ್ ತೆರೆದು, ಕಂಟ್ರೋಲ್ ಎಲ್ ಒತ್ತಿ, ಅಡ್ಮಿನ್, ಕೋಲನ್, ಮೂರು ಸ್ಲ್ಯಾಶ್ ಹಾಕಿ ಫೋಲ್ಡರ್ ಹೆಸರು ಕೊಟ್ಟರೂ ಆಗುತ್ತದೆ. ಪಾಸ್‌ವರ್ಡ್ ಕೇಳುವುದು ಅಲ್ಲಿ ಪೋಲ್‌ಕಿಟ್ಟೇ. ಇನ್ನು ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್‌ಗೆ ರೂಟ್ ಬೇಕೇ ಬೇಕು ಅನ್ನುವವರು ಜಾಸ್ತಿ. ಆದರೆ ಅದರಲ್ಲಿ ಪ್ಯಾಕೆಟ್ ಹಿಡಿಯುವುದು ಡಂಪ್‌ಕ್ಯಾಪ್ ಎಂಬ ಬೇರೆಯೇ ಪ್ರೋಗ್ರಾಂ. ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಸಾಮಾನ್ಯ ಯೂಸರ್‌ಗಳಿಗೂ ಅನುಮತಿ ಕೊಡಲೇ ಅಂತ ಕೇಳುತ್ತದೆ. ಹೌದು ಅನ್ನಿ, ವೈರ್‌ಶಾರ್ಕ್ ಗ್ರೂಪ್‌ಗೆ ನಿಮ್ಮ ಹೆಸರು ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ.