ತೆಂದೆಂಕೊ ಅಂದರೆ ಏನು?

ಈ ಪದದ ಅರ್ಥ ಮೊದಲ ಸಲ ಓದಿದಾಗ ನನಗೆ ಬೇಜಾರಾಗಿತ್ತು. ಜಪಾನಿನ ಈಶಾನ್ಯದ ಸಾನ್ರಿಕು ಕರಾವಳಿಯ ಆಡುಮಾತಿನಲ್ಲಿ ‘ತೆಂದೆನ್’ ಅಂದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ. ಕೊನೆಯ ‘ಕೊ’ ಆ ಕಡೆಯ ಜನ ಪದಕ್ಕೆ ಸುಮ್ನೆ ಸೇರಿಸುವ ಬಾಲ. ‘ಸುನಾಮಿ ತೆಂದೆಂಕೊ’ ಅಂದರೆ ಸುನಾಮಿ ಬಂದಾಗ ಯಾರಿಗೂ ಕಾಯಬೇಡಿ, ಅವರವರ ಪಾಡಿಗೆ ಅವರು ಗುಡ್ಡ ಹತ್ತಿ. ಅಪ್ಪ ಅಮ್ಮನನ್ನೂ ಹುಡುಕಬೇಡಿ. ಎಂಥಾ ಕಲ್ಲೆದೆಯ ಮಾತು ಅನ್ನಿಸುತ್ತದೆ, ಅಲ್ವಾ?

ಆದರೆ ಅಲ್ಲಿನ ಕಡಲು ಅಂಥದ್ದು. ಕಿರಿದಾದ ಕೊಲ್ಲಿಗಳೊಳಗೆ ನುಗ್ಗಿದ ಅಲೆಗೆ ಅಗಲಕ್ಕೆ ಹರಡಲು ಜಾಗವಿಲ್ಲ, ಮೇಲಕ್ಕೇ ಏರುತ್ತದೆ. 1896ರಲ್ಲಿ ಸುಮಾರು 22,000 ಜನ ಸತ್ತರು. ಒಬ್ಬರನ್ನು ಉಳಿಸಲು ಇನ್ನೊಬ್ಬರು ಹೋಗಿ ಇಡೀ ಮನೆಗಳೇ ಅಳಿದವು. 1933ರಲ್ಲಿ ಮತ್ತೆ ಬಂತು. ಆಗ ಚಿಕ್ಕ ಹುಡುಗನಾಗಿದ್ದ ಯಾಮಾಶಿತಾ ಫುಮಿಯೊ ಅವರ ಅಪ್ಪ ಮಗನನ್ನೂ ಕಾಯದೆ ಓಡಿದ್ದರಂತೆ. ಮುಂದೆ ಸುನಾಮಿಗಳ ಇತಿಹಾಸ ಬರೆದ ಯಾಮಾಶಿತಾ ಈ ಕತೆ ಹೇಳಿದ ಮೇಲೆಯೇ, 1990ರ ನಂತರ, ಈ ಪದ ಜಪಾನಿನಲ್ಲೆಲ್ಲ ಗೊತ್ತಾಗಿದ್ದು.

ಇದೇ ಕರಾವಳಿಯ ಕಮಾಯಿಶಿ ನಗರದ ಕೊಲ್ಲಿಯ ಬಾಯಿಗೆ 63 ಮೀಟರ್ ಆಳದಿಂದ ಎದ್ದ ತಡೆಗೋಡೆ ಇತ್ತು. 2009ರಲ್ಲಷ್ಟೇ ಮುಗಿದಿತ್ತು. 2011ರ ಮಾರ್ಚ್ 11ರಂದು ಮಧ್ಯಾಹ್ನ 2:46ಕ್ಕೆ ಭೂಮಿ ನಡುಗಿತು, ಆಮೇಲೆ ಬಂದ ಅಲೆ ಗೋಡೆಯನ್ನೂ ಒಡೆಯಿತು. ಊರಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ.

ಅದೇ ದಿನ ಅಲ್ಲಿನ ಉನೊಸುಮಾಯಿಯಲ್ಲಿ ಹೈಸ್ಕೂಲು ಮಕ್ಕಳು ಓಡಲು ಶುರು ಮಾಡಿದರು, ಅವರನ್ನು ಕಂಡು ಪಕ್ಕದ ಪ್ರೈಮರಿ ಶಾಲೆಯ ಮಕ್ಕಳೂ ಹೊರಟರು, ದೊಡ್ಡವರು ಚಿಕ್ಕವರ ಕೈ ಹಿಡಿದರು. ಮೊದಲು ನಿಂತ ಜಾಗದ ಹಿಂದೆ ಗುಡ್ಡ ಕುಸಿಯುವುದು ಕಂಡಿತು, ಇನ್ನೂ ಮೇಲಕ್ಕೆ ಹೋದರು. ಹಿಂದೆ ಬಿಟ್ಟ ಜಾಗವನ್ನು ನೀರು ನುಂಗಿತು. ನಗರದ ಸುಮಾರು 3,000 ಶಾಲಾಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಅದೇ ಉನೊಸುಮಾಯಿಯ ವಿಪತ್ತು ಕೇಂದ್ರದಲ್ಲಿ ಸೇರಿದ್ದ ಎಷ್ಟೋ ಜನ ಮಾತ್ರ ಬದುಕಲಿಲ್ಲ. ಅದು ಸುನಾಮಿ ಬಂದಾಗ ಓಡಿ ಸೇರಲು ಗೊತ್ತುಮಾಡಿದ ಜಾಗವೇ ಆಗಿರಲಿಲ್ಲ. ಇದನ್ನು ಓದಿದಾಗ ಹೊಟ್ಟೆ ಉರಿಯುತ್ತದೆ.

ಈಗ ನನಗೆ ಈ ಪದ ಕಲ್ಲೆದೆಯದ್ದು ಅನ್ನಿಸುವುದಿಲ್ಲ. ಮಗ ಆಗಲೇ ಗುಡ್ಡ ಹತ್ತಿರುತ್ತಾನೆ ಅಂತ ಅಮ್ಮನಿಗೆ ನಂಬಿಕೆ ಇದ್ದರೆ ಮಾತ್ರ ಅಮ್ಮ ಶಾಲೆಯ ಕಡೆ ಓಡುವುದಿಲ್ಲ. ಆ ನಂಬಿಕೆ ಅಲೆ ಬಂದ ದಿನ ಹುಟ್ಟುವಂಥದ್ದಲ್ಲ. ಅದಕ್ಕೇ ಕಮಾಯಿಶಿಯ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ ಪ್ರೊಫೆಸರ್ ಕತಾದಾ ತೊಶಿತಾಕಾ ಆ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು: ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿ, ‘ನಾನು ಖಂಡಿತ ಓಡುತ್ತೇನೆ, ನೀವೂ ಓಡಿ.’