ಸಮುದ್ರಕ್ಕೆ ಬೇಲಿ ಹಾಕಿದರೆ ಯುದ್ಧ ಗೆಲ್ಲಬಹುದಾ? 1914–19ರಲ್ಲಿ ಬ್ರಿಟನ್ ಜರ್ಮನಿಗೆ ಹಾಕಿದ ದಿಗ್ಬಂಧನದ ಟಿಪ್ಪಣಿ

ನಮ್ಮ ಬಚ್ಚಲುಮನೆಯಿಂದಲೇ ಶುರು ಮಾಡೋಣ. ಮೈಸೂರು ಸ್ಯಾಂಡಲ್ ಸೋಪು ಎಲ್ಲರಿಗೂ ಗೊತ್ತು. ಅದರ ಹುಟ್ಟಿನ ಹಿಂದೆ ಒಂದು ಯುದ್ಧಕಾಲದ ವ್ಯಾಪಾರ ತಡೆ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರ ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲಿ. 1914ರ ಆಗಸ್ಟ್‌ನಲ್ಲಿ ಯುದ್ಧ ಬಂತು, ಶತ್ರು ದೇಶದ ಜೊತೆಗಿನ ವ್ಯಾಪಾರ ನಿಂತಿತು. ಗಂಧದ ಕೊರಡುಗಳು ಇಲ್ಲೇ ರಾಶಿ ಬಿದ್ದವು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಎಣ್ಣೆಯನ್ನು ಇಲ್ಲೇ ತೆಗೆಸಲು ಹೊರಟರು. ಸಂಸ್ಥಾನದ ಕೈಗಾರಿಕೆ ನೋಡಿಕೊಳ್ಳುತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಿಂತರು. ಈಗ ನಾವು ಐಐಎಸ್‌ಸಿ ಅನ್ನುವ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನ ಕಂಡುಕೊಂಡರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಸೋಪು ಅದರ ಬೆನ್ನಿಗೇ ಬಂತು.

ಗಮನಿಸಿ, ಬ್ರಿಟನ್ ಬಾಗಿಲು ಹಾಕಿದ್ದು ಜರ್ಮನಿಗೆ. ಏಟು ಮೈಸೂರಿಗೂ ಬಿತ್ತು. ಆದರೆ ಏಟು ತಿಂದವರು ಸುಮ್ನೆ ಕೂರಲಿಲ್ಲ, ಬದಲಿ ದಾರಿ ಹುಡುಕಿದರು. ಈ ‘ಬದಲಿ ದಾರಿ’ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿರ್ಬಂಧ ಕೆಲಸ ಮಾಡುತ್ತದಾ ಎಂಬ ಪ್ರಶ್ನೆಯ ಕೀಲಿ ಅದರಲ್ಲೇ ಇದೆ.

ಎರಡು ಪದ ಮೊದಲು

ಪತ್ರಿಕೆಗಳಲ್ಲಿ ‘ನಿರ್ಬಂಧ’, ‘ದಿಗ್ಬಂಧನ’ ಎರಡೂ ಒಂದೇ ಎಂಬಂತೆ ಬರುತ್ತವೆ. ನಾವು ಓದುವಾಗ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ‘ನಾನು ನಿನಗೆ ಮಾರಲ್ಲ, ನಿನ್ನಿಂದ ಕೊಳ್ಳಲ್ಲ’ ಅನ್ನುವುದು ನಿರ್ಬಂಧ. ‘ಬೇರೆ ಯಾರೂ ನಿನಗೆ ಮಾರದ ಹಾಗೆ ಹಡಗು ನಿಲ್ಲಿಸಿ ಕಾಯುತ್ತೇನೆ’ ಅನ್ನುವುದು ದಿಗ್ಬಂಧನ. ಬ್ರಿಟನ್ ಮಾಡಿದ್ದು ಎರಡನೆಯದು.

ಭೂಪಟ ತೆಗೆದು ನೋಡಿ. ಜರ್ಮನಿಯ ಹಡಗು ಅಟ್ಲಾಂಟಿಕ್‌ಗೆ ಹೋಗಬೇಕಾದರೆ ಎರಡೇ ದಾರಿ. ಒಂದು ಡೋವರ್ ಜಲಸಂಧಿ, ಇನ್ನೊಂದು ಸ್ಕಾಟ್‌ಲೆಂಡ್ ಮತ್ತು ನಾರ್ವೆಯ ನಡುವಿನ ಸಮುದ್ರ. ಎರಡಕ್ಕೂ ಬ್ರಿಟಿಷ್ ನೌಕಾಪಡೆ ಕಾವಲು ನಿಂತಿತು. 1914ರ ನವೆಂಬರ್‌ನಲ್ಲಿ ಇಡೀ ಉತ್ತರ ಸಮುದ್ರವನ್ನೇ ಯುದ್ಧವಲಯ ಎಂದು ಸಾರಿತು. 1915ರ ಮಾರ್ಚ್‌ನಿಂದ ಜರ್ಮನಿಗೆ ಹೋಗುವ, ಅಲ್ಲಿಂದ ಬರುವ ಯಾವ ಸರಕನ್ನೂ ತಡೆಯುವ ಆದೇಶ ಹೊರಟಿತು.

ಹಾಗಿದ್ದೂ ಹತ್ತಿಯನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದು 1915ರ ಆಗಸ್ಟ್‌ನಲ್ಲಿ. ಸಿಡಿಮದ್ದಿಗೆ ಹತ್ತಿ ಬೇಕೇ ಬೇಕು, ಅದು ಬ್ರಿಟನ್‌ಗೆ ಗೊತ್ತಿತ್ತು. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳ ಬೆಳೆಗಾರರು ಸಿಟ್ಟಾದರೆ ಅಮೆರಿಕವೇ ದೂರವಾಗಬಹುದು ಎಂಬ ಭಯ. ನಿರ್ಬಂಧ ಹಾಕುವವನಿಗೂ ಕೈ ಕಟ್ಟಿರುತ್ತದೆ, ಅಲ್ವಾ?

ಉಪ್ಪಿನ ಕಥೆ

ನನಗೆ ಇಡೀ ವಿಷಯ ಅರ್ಥವಾದದ್ದು ಈ ಭಾಗದಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಜರ್ಮನಿ ಚಿಲಿ ದೇಶದಿಂದ ನೈಟ್ರೇಟ್ ಉಪ್ಪನ್ನು ಭಾರೀ ಪ್ರಮಾಣದಲ್ಲಿ ತರಿಸುತ್ತಿತ್ತು. ಆ ಉಪ್ಪಿಗೆ ಎರಡು ಉಪಯೋಗ. ಹೊಲಕ್ಕೆ ಹಾಕಿದರೆ ಗೊಬ್ಬರ, ಕಾರ್ಖಾನೆಗೆ ಹಾಕಿದರೆ ಸಿಡಿಮದ್ದು. 1914ರ ಡಿಸೆಂಬರ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ಬ್ರಿಟಿಷರು ಜರ್ಮನ್ ಹಡಗುಪಡೆಯನ್ನು ಮುಳುಗಿಸಿದರು. ಚಿಲಿಯ ದಾರಿ ಮುಚ್ಚಿಹೋಯಿತು. ಕಾಗದದ ಮೇಲೆ ಲೆಕ್ಕ ಹಾಕಿದರೆ ಕೆಲವೇ ತಿಂಗಳಲ್ಲಿ ಜರ್ಮನಿಯ ಫಿರಂಗಿಗಳು ಬಾಯಿ ಮುಚ್ಚಬೇಕಿತ್ತು.

ಮುಚ್ಚಲಿಲ್ಲ. ಗಾಳಿಯಲ್ಲಿರುವ ನೈಟ್ರೋಜನ್‌ನಿಂದ ಅಮೋನಿಯ ಮಾಡುವ ಹೇಬರ್–ಬಾಷ್ ವಿಧಾನ ಜರ್ಮನರ ಕೈಯಲ್ಲಿತ್ತು. ಓಪಾವ್ ಎಂಬಲ್ಲಿ ಅದರ ಕಾರ್ಖಾನೆ 1913ರಲ್ಲೇ ಶುರುವಾಗಿತ್ತು. ಯುದ್ಧದಲ್ಲಿ ಅದನ್ನು ಹಿಗ್ಗಿಸಿದರು. 1917ರಲ್ಲಿ ಲಾಯ್ನಾದಲ್ಲಿ ಇನ್ನೂ ದೊಡ್ಡದು ಬಂತು. ಸಿಡಿಮದ್ದಿನ ಚಿಂತೆ ಕಳೆಯಿತು.

ಇಲ್ಲಿಗೆ ನಿಲ್ಲಿಸಿದರೆ ‘ದಿಗ್ಬಂಧನ ಸೋತಿತು’ ಎಂದು ಬರೆದುಬಿಡುತ್ತೇವೆ. ತುಂಬ ಜನ ಹಾಗೇ ಬರೆಯುತ್ತಾರೆ. ಆದರೆ ಆ ನೈಟ್ರೋಜನ್ ಹೋದದ್ದು ಎಲ್ಲಿಗೆ? ಮೊದಲ ಪಾಲು ಫಿರಂಗಿಗೆ. ಹೊಲಕ್ಕೆ ಸಿಕ್ಕಿದ್ದು ಉಳಿದದ್ದಷ್ಟೇ. ಹೊಲದ ಆಳುಗಳು ಸೈನ್ಯಕ್ಕೆ ಹೋಗಿದ್ದರು, ಕುದುರೆಗಳೂ ಹೋಗಿದ್ದವು. ಗೊಬ್ಬರವೂ ಕಡಿಮೆಯಾದ ಮೇಲೆ ಬೆಳೆ ಬರುವುದಾದರೂ ಹೇಗೆ? ಸೈನ್ಯಕ್ಕೆ ಬೀಳಬೇಕಿದ್ದ ಏಟು ಜಾರಿ ಅಡುಗೆಮನೆಗೆ ಬಿತ್ತು. ಬದಲಿ ದಾರಿ ಇತ್ತು ನಿಜ, ಆದರೆ ಅದರ ಬೆಲೆಯನ್ನು ಬೇರೆಯವರು ತೆತ್ತರು.

ಊಟದ ತಟ್ಟೆ

ಯುದ್ಧಕ್ಕೆ ಮುಂಚೆ ಜರ್ಮನಿ ತಾನು ತಿನ್ನುವುದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿಯನ್ನು ಹೊರಗಿನಿಂದ ತರುತ್ತಿತ್ತು. 1915ರ ಆರಂಭದಲ್ಲೇ ಬರ್ಲಿನ್‌ನಲ್ಲಿ ಬ್ರೆಡ್ಡಿಗೆ ಪಡಿತರ ಬಂತು. ಹಿಟ್ಟಿಗೆ ಆಲೂಗೆಡ್ಡೆ ಬೆರೆಸಿದ ಬ್ರೆಡ್ಡಿಗೆ ‘ಯುದ್ಧದ ಬ್ರೆಡ್’ ಎಂದು ಹೆಸರಿಟ್ಟರು. 1916ರಲ್ಲಿ ಮಳೆ ಮತ್ತು ರೋಗದಿಂದ ಆಲೂಗೆಡ್ಡೆ ಬೆಳೆಯೂ ಕೈಕೊಟ್ಟಿತು. ಆ ಚಳಿಗಾಲದಲ್ಲಿ ಜನ ದನದ ಮೇವಿಗೆ ಬಳಸುತ್ತಿದ್ದ ಟರ್ನಿಪ್ ಗೆಡ್ಡೆ ತಿಂದು ಬದುಕಿದರು. ಇಂದಿಗೂ ಜರ್ಮನರು ಅದನ್ನು ಟರ್ನಿಪ್ ಚಳಿಗಾಲ ಎಂದೇ ಕರೆಯುತ್ತಾರೆ.

ಇದೆಲ್ಲ ಬ್ರಿಟಿಷ್ ಹಡಗುಗಳ ಕೆಲಸವೇ? ಪೂರ್ತಿ ಅಲ್ಲ. ಜರ್ಮನ್ ಸರ್ಕಾರವೂ ಎಡವಿತು. ಧಾನ್ಯದ ಬೆಲೆಗೆ ಮಿತಿ ಹಾಕಿತು, ಮಾಂಸಕ್ಕೆ ಹಾಕಲಿಲ್ಲ. ರೈತರು ಧಾನ್ಯವನ್ನು ಮಾರುವ ಬದಲು ಹಂದಿಗೆ ತಿನ್ನಿಸಿದರು. ಆಮೇಲೆ ಹಂದಿಗಳು ಮನುಷ್ಯರ ಪಾಲು ತಿನ್ನುತ್ತಿವೆ ಎಂದು 1915ರಲ್ಲಿ ಲಕ್ಷಾಂತರ ಹಂದಿಗಳನ್ನು ಕಡಿಸಿದರು. ಮುಂದಿನ ವರ್ಷಗಳಲ್ಲಿ ಕೊಬ್ಬೂ ಇಲ್ಲ, ಗೊಬ್ಬರವೂ ಇಲ್ಲ. ಉತ್ತರ ಬರೆಯುವಾಗ ಈ ಮಾತು ಸೇರಿಸಿ. ದಿಗ್ಬಂಧನ ಒತ್ತಡ ತರುತ್ತದೆ. ಆ ಒತ್ತಡ ಯಾರ ಮೇಲೆ ಎಷ್ಟು ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ಒಳಗಿನ ಸರ್ಕಾರ ತೀರ್ಮಾನಿಸುತ್ತದೆ.

ಬೇಲಿಯ ತೂತುಗಳು

ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್ ಯುದ್ಧದಲ್ಲಿ ಇರಲಿಲ್ಲ. ಅಮೆರಿಕದಿಂದ ಸರಕು ತರಿಸಿ ಪಕ್ಕದ ಜರ್ಮನಿಗೆ ದಾಟಿಸಿದರೆ ಒಳ್ಳೆಯ ಲಾಭ. ಬ್ರಿಟನ್ ಈ ದೇಶಗಳಿಗೂ ಇಷ್ಟೇ ಸರಕು ಎಂದು ಮಿತಿ ಹಾಕುತ್ತಾ ಬಂತು. ಆದರೂ ಸೋರಿಕೆ ನಿಲ್ಲಲಿಲ್ಲ. 1916ರಲ್ಲಂತೂ ‘ಡಾಯ್ಚ್‌ಲ್ಯಾಂಡ್’ ಎಂಬ ಸರಕಿನ ಜಲಾಂತರ್ಗಾಮಿ ನೀರಿನಡಿಯಲ್ಲಿ ತಪ್ಪಿಸಿಕೊಂಡು ಬಾಲ್ಟಿಮೋರ್ ಮುಟ್ಟಿತು. ಬಟ್ಟೆಗೆ ಹಾಕುವ ಬಣ್ಣ ಮಾರಿ ರಬ್ಬರ್, ನಿಕಲ್, ತವರ ತಂದಿತು. ಇಡೀ ದೇಶದ ಹಸಿವಿನ ಮುಂದೆ ಅದು ಒಂದು ಹಿಡಿ.

ತೂತು ಮುಚ್ಚಿದ್ದು ಜರ್ಮನಿಯ ಸ್ವಂತ ನಿರ್ಧಾರದಿಂದ. ಉಸಿರು ಕಟ್ಟಿದ ಜರ್ಮನಿ 1917ರ ಫೆಬ್ರುವರಿ 1ರಿಂದ ಯಾವ ದೇಶದ ಹಡಗಾದರೂ ಸರಿ, ಮುಳುಗಿಸುವುದಕ್ಕೆ ಹೊರಟಿತು. ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳಿಯಿತು. ಅಲ್ಲಿಯವರೆಗೆ ದಿಗ್ಬಂಧನಕ್ಕೆ ತಕರಾರು ಮಾಡುತ್ತಿದ್ದ ದೇಶವೇ ಈಗ ಹಾಲೆಂಡ್‌ನಂಥ ದೇಶಗಳಿಗೆ ಸರಕು ಕೊಡುವುದನ್ನು ನಿಲ್ಲಿಸಿತು. ನನ್ನ ಪ್ರಕಾರ ದಿಗ್ಬಂಧನದ ಅತಿ ದೊಡ್ಡ ಫಲ ಇದೇ. ಅದು ಜರ್ಮನಿಯನ್ನು ನೇರವಾಗಿ ಮಣಿಸಲಿಲ್ಲ. ಕೆಟ್ಟ ಜೂಜಿಗೆ ನೂಕಿತು.

1918ರ ವಸಂತದಲ್ಲಿ ಮುನ್ನುಗ್ಗಿದ ಜರ್ಮನ್ ಸೈನಿಕರು ಬ್ರಿಟಿಷರ ಆಹಾರದ ಉಗ್ರಾಣ ಕಂಡಲ್ಲೆಲ್ಲ ನಿಂತು ತಿಂದರು. ಶತ್ರುವಿನ ಹತ್ತಿರ ಇಷ್ಟೊಂದು ಇದೆಯಾ ಎಂದು ಅವರ ಎದೆ ಕುಸಿಯಿತು. ಕೊನೆಗೆ ಸೋತದ್ದು ರಣರಂಗದಲ್ಲಿ, ನಾಲ್ಕು ವರ್ಷದ ನಂತರ. ಹಸಿವು ಆ ಸೋಲನ್ನು ಹತ್ತಿರ ತಂದಿತು, ಒಂಟಿಯಾಗಿ ತರಲಿಲ್ಲ.

ಹೋಲಿಕೆಗೆ ಎರಡು

1941ರ ಜುಲೈ ಕೊನೆಯಲ್ಲಿ ಅಮೆರಿಕ ಜಪಾನಿನ ಹಣ ತಡೆಹಿಡಿಯಿತು, ಎಣ್ಣೆಯೂ ನಿಂತಿತು. ಜಪಾನ್ ತನ್ನ ಎಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಅಮೆರಿಕದಿಂದಲೇ ತರುತ್ತಿತ್ತು. ಜಪಾನ್ ತಾನು ಆಕ್ರಮಿಸಿದ್ದ ಚೀನಾ ಬಿಟ್ಟು ಹಿಂದೆ ಸರಿಯಲಿ ಎಂಬುದು ಅಮೆರಿಕದ ಆಸೆ. ದಾಸ್ತಾನು ಕರಗುವ ಮೊದಲೇ ಹೊಡೆಯೋಣ ಎಂದು ಜಪಾನ್ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಎರಗಿತು. ನಿರ್ಬಂಧ ಬಿಗಿಯಾಗಿತ್ತು, ನಿಜಕ್ಕೂ ನೋಯಿಸಿತು. ಆದರೆ ಅದರಿಂದಲೇ ಯುದ್ಧ ದೊಡ್ಡದಾಯಿತು.

2022ರ ಕಥೆ ಇದಕ್ಕೆ ಉಲ್ಟಾ. ಉಕ್ರೇನ್ ಮೇಲೆ ದಾಳಿ ಮಾಡಿದ ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ಹಣವನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಡಿಸೆಂಬರ್ 5ರಿಂದ ಅದರ ಕಚ್ಚಾ ಎಣ್ಣೆಗೆ ಬ್ಯಾರೆಲ್‌ಗೆ 60 ಡಾಲರ್ ಎಂಬ ಮಿತಿ ಹಾಕಿದವು. ಎಣ್ಣೆ ಬರುತ್ತಲೇ ಇರಲಿ, ಲಾಭ ಮಾತ್ರ ಕಡಿಮೆಯಾಗಲಿ ಎಂಬ ಲೆಕ್ಕ. ಪೂರ್ತಿ ನಿಲ್ಲಿಸಿದರೆ ತಮ್ಮ ಜನರ ಪೆಟ್ರೋಲ್ ಬೆಲೆಯೇ ಏರುತ್ತದಲ್ಲ. ಆ ಎಣ್ಣೆ ಭಾರತ ಮತ್ತು ಚೀನಾದ ಕಡೆ ತಿರುಗಿತು. ನಮ್ಮ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಕೂಡ ಕೊಂಡಿತು. 1915ರಲ್ಲಿ ಹಾಲೆಂಡ್ ಇದ್ದ ಜಾಗ ನೆನಪಿಸಿಕೊಳ್ಳಿ.

ಕದನ ನಿಂತ ಮೇಲೆ

ಈ ಭಾಗವನ್ನು ಪಠ್ಯಪುಸ್ತಕಗಳು ಒಂದು ಸಾಲಲ್ಲಿ ಮುಗಿಸುತ್ತವೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. 1918ರ ನವೆಂಬರ್ 11ರಂದು ಬಂದೂಕು ಸುಮ್ಮನಾದವು. ದಿಗ್ಬಂಧನ ಮುಂದುವರಿಯಿತು. ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಸಲು ಅದು ಬೇಕಿತ್ತು. 1919ರ ಮಾರ್ಚ್‌ನಲ್ಲಿ ಆಹಾರಕ್ಕೆ ದಾರಿ ಬಿಟ್ಟರು, ಪೂರ್ತಿ ತೆಗೆದದ್ದು ಜುಲೈ 12ಕ್ಕೆ. ದಿಗ್ಬಂಧನದಿಂದ ಸತ್ತ ನಾಗರಿಕರು 7,63,000 ಎಂದು ಜರ್ಮನ್ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಆಮೇಲೆ ಬಂದ ಒಂದು ಅಧ್ಯಯನ ಅದನ್ನು 4,24,000ಕ್ಕೆ ಇಳಿಸಿತು. ಯಾವುದನ್ನು ಒಪ್ಪಿದರೂ ಸತ್ತವರು ಲಕ್ಷಗಳಲ್ಲೇ.

ಜರ್ಮನ್ ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ ಬರೆದಿಡುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಆ ಅಂಕಿಗಳು ಕುಗ್ಗುತ್ತಾ ಹೋಗುತ್ತವೆ. ಬಡವರ ಮಕ್ಕಳದು ಎಲ್ಲರಿಗಿಂತ ಜಾಸ್ತಿ. ಅಮೆರಿಕದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1920ರಲ್ಲಿ ಬಂದು ಶಾಲೆಗಳಲ್ಲಿ ಅಡುಗೆ ಹಚ್ಚಿದರು. ಒಂದು ಹಂತದಲ್ಲಿ ದಿನಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಅಲ್ಲಿ ಊಟ ಮಾಡುತ್ತಿದ್ದರು. ಅದೇ ದಾಖಲೆಗಳಲ್ಲಿ ಆಮೇಲೆ ತೂಕದ ಅಂಕಿ ಮತ್ತೆ ಮೇಲೇಳುವುದು ಕಾಣುತ್ತದೆ.