ಬೊರೊಬುದುರ್ ಬುಡದಲ್ಲಿ ಶೈಲೇಂದ್ರರು ಮುಚ್ಚಿದ 160 ಶಿಲ್ಪಗಳು

ಇಂಡೋನೇಷ್ಯಾದ ಬೌದ್ಧ ಸ್ಮಾರಕ ಬೊರೊಬುದುರ್ ಫೋಟೊ ನೀವು ನೋಡಿಯೇ ಇರುತ್ತೀರಿ. ಜಾವಾ ದ್ವೀಪವನ್ನು ಆಳಿದ ಬೌದ್ಧ ಅರಸರು, ಶೈಲೇಂದ್ರರು, 8-9ನೇ ಶತಮಾನದಲ್ಲಿ ಕಟ್ಟಿಸಿದ್ದು. ಎಲ್ಲರ ಕಣ್ಣೂ ಮೇಲಿರುವ 72 ಜಾಲರಿ ಸ್ತೂಪಗಳ ಮೇಲೆಯೇ. ನನಗಂತೂ ಅದರ ಬುಡ ಇನ್ನೂ ಜಾಸ್ತಿ ಇಷ್ಟ.

ಇದಕ್ಕೆ ಗರ್ಭಗುಡಿ ಇಲ್ಲ, ಒಳಗೆ ಹೋಗಲು ಜಾಗವೂ ಇಲ್ಲ. ಒಂದು ಗುಡ್ಡವನ್ನು ಹದ ಮಾಡಿ, ಬೇಕಾದಲ್ಲಿ ಮಣ್ಣು ತುಂಬಿ, ಮೇಲೆ ಹಂತಹಂತವಾಗಿ ಕಲ್ಲು ಹೊದಿಸಿದ್ದಾರೆ. ಜ್ವಾಲಾಮುಖಿಯ ಲಾವಾ ತಣಿದು ಆದ ಆಂಡೆಸೈಟ್ ಕಲ್ಲು, ಸುಮಾರು 55,000 ಘನ ಮೀಟರ್! ಗಾರೆ ಮಾತ್ರ ಒಂದು ಹಿಡಿಯೂ ಇಲ್ಲ. ಕಲ್ಲಿಗೆ ಕಲ್ಲು ಕಚ್ಚಿಕೊಂಡು ನಿಂತಿದೆ.

ಗಾರೆ ಇಲ್ಲದಿದ್ದರೆ ಸಂದಿಗಳಿಂದ ಮಳೆನೀರು ಒಳಗಿಳಿಯುತ್ತದೆ, ಅಲ್ವಾ? ಜಾವಾದಲ್ಲಿ ಮಳೆಗೇನೂ ಬರವಿಲ್ಲ. ನೆನೆದ ಮಣ್ಣು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ, ಹೊರಗಿನ ಗೋಡೆಯನ್ನು ನೂಕುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು. ಮೂಲೆಮೂಲೆಗೂ ಮಕರದ ಮುಖ ಕೆತ್ತಿದ ಸುಮಾರು 100 ನೀರುಬಾಯಿಗಳನ್ನು ಇಟ್ಟಿದ್ದಾರೆ.

1885ರಲ್ಲಿ ಐಜರ್ಮನ್ ಎಂಬ ಡಚ್ ಎಂಜಿನಿಯರ್‌ಗೆ ಒಂದು ವಿಷಯ ಕಂಡಿತು. ಬುಡದ ಸುತ್ತ ಇರುವ ಅಗಲವಾದ ಕಲ್ಲಿನ ಜಗಲಿ ಆಮೇಲೆ ಸೇರಿಸಿದ್ದು, ಅದರ ಹಿಂದೆ ಇನ್ನೊಂದು ಗೋಡೆಯಿದೆ! ಆ ಗೋಡೆಯಲ್ಲಿ 160 ಶಿಲ್ಪಫಲಕಗಳು. 1890-91ರಲ್ಲಿ ಜಗಲಿಯ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಬಿಚ್ಚಿ, ಜಾವಾದವರೇ ಆದ ಕಾಸಿಯನ್ ಚೆಫಾಸ್ ಅವರಿಂದ ಫೋಟೊ ತೆಗೆಸಿ, ಮತ್ತೆ ಮುಚ್ಚಿದರು. ಈಗ ಆಗ್ನೇಯ ಮೂಲೆಯಲ್ಲಿ ಕೆಲವನ್ನು ಮಾತ್ರ ಕಣ್ಣಾರೆ ನೋಡಬಹುದು.

ಅವುಗಳಲ್ಲಿ ಇರುವುದು ಕರ್ಮ ಮತ್ತು ಅದರ ಫಲ. ಒಂದು ಕಡೆ ಜನ ಮೀನು, ಆಮೆ ಹಿಡಿದು ಬೇಯಿಸುತ್ತಿದ್ದಾರೆ, ಪಕ್ಕದಲ್ಲೇ ನರಕದಲ್ಲಿ ಬೇಯುತ್ತಿರುವ ಮನುಷ್ಯರು. ಕೆಲವು ಫಲಕಗಳು ಅರ್ಧಕ್ಕೇ ನಿಂತಿವೆ. ಇನ್ನು ಕೆಲವದರ ಮೇಲಂಚಿನಲ್ಲಿ ಶಿಲ್ಪಿಗೆ ಏನು ಕೆತ್ತಬೇಕೆಂದು ಹೇಳುವ ಸಣ್ಣ ಬರಹಗಳು ಹಾಗೇ ಉಳಿದಿವೆ. ಒಂದು ಕಡೆ ‘ವಿರೂಪ’ ಅಂತ ಬರೆದಿದೆ, ಕೆಳಗೆ ವಿಕಾರ ಮುಖದವರ ಗುಂಪು. ಈ ಅಕ್ಷರಗಳ ಆಕಾರವನ್ನು ಆ ಕಾಲದ ಶಾಸನಗಳ ಜೊತೆ ಹೋಲಿಸಿಯೇ ಕಟ್ಟಡದ ಕಾಲವನ್ನು ಅಂದಾಜು ಮಾಡಿದ್ದು.

ಇಷ್ಟು ಕಷ್ಟಪಟ್ಟು ಕೆತ್ತಿದ್ದನ್ನು ಯಾಕೆ ಮುಚ್ಚಿದರು? ಧಾರ್ಮಿಕ ಕಾರಣ ಹೇಳುವವರಿದ್ದಾರೆ. ನನಗೆ ಸರಿ ಅನಿಸುವುದು ಇನ್ನೊಂದು ವಿವರಣೆ: ಕೆಲಸ ನಡೆಯುತ್ತಿದ್ದಾಗಲೇ ಬುಡ ಜಾರುವ ಲಕ್ಷಣ ಕಂಡಿದೆ, ಸುತ್ತ ಭಾರದ ಕಲ್ಲು ಪೇರಿಸಿ ಒತ್ತು ಕೊಟ್ಟಿದ್ದಾರೆ. ಅರ್ಧಕ್ಕೆ ನಿಂತ ಕೆತ್ತನೆ, ಅಳಿಸದೆ ಬಿಟ್ಟ ಬರಹ, ಎರಡೂ ಆ ಅವಸರವನ್ನೇ ಹೇಳುತ್ತವೆ. ಇಳಿಜಾರು ಕುಸಿಯದಂತೆ ಬುಡಕ್ಕೆ ಭಾರ ಹಾಕುವುದನ್ನು ಇಂದಿನ ಎಂಜಿನಿಯರ್‌ಗಳೂ ಮಾಡುತ್ತಾರೆ.

ನೀರಿನ ಕಾಟ ಅಷ್ಟಕ್ಕೇ ನಿಲ್ಲಲಿಲ್ಲ. ಶತಮಾನಗಳು ಕಳೆದಂತೆ ಗೋಡೆಗಳು ವಾಲಿದವು, ಶಿಲ್ಪಗಳ ಮೇಲೆ ಪಾಚಿ ಹಬ್ಬಿತು. 1975ರಿಂದ 1982ರವರೆಗೆ ಇಂಡೋನೇಷ್ಯಾ ಸರ್ಕಾರ ಮತ್ತು ಯುನೆಸ್ಕೊ ಸೇರಿ ಕೆಳಗಿನ ಚೌಕಾಕಾರದ ಹಂತಗಳ ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನು ಬಿಚ್ಚಿ, ತೊಳೆದು, ಹಿಂದೆ ಕಾಂಕ್ರೀಟ್ ಹಾಸು ಮತ್ತು ನೀರು ಹೋಗುವ ಪೈಪುಗಳನ್ನು ಹಾಕಿ, ಪ್ರತಿ ಕಲ್ಲನ್ನೂ ಅದರದೇ ಜಾಗದಲ್ಲಿ ಕೂರಿಸಿದರು. 2010ರಲ್ಲಿ ಹತ್ತಿರದ ಮೆರಾಪಿ ಜ್ವಾಲಾಮುಖಿ ಸಿಡಿದಾಗ ಬೂದಿ ಮಳೆಯಲ್ಲಿ ಕಲಸಿ ಈ ನೀರಿನ ದಾರಿಗಳಲ್ಲೇ ಕಟ್ಟಿಕೊಂಡಿತು. ಅದನ್ನು ತೆಗೆಯಲು ಮತ್ತೆ ಸಾವಿರಾರು ಕಲ್ಲುಗಳನ್ನು ಎತ್ತಬೇಕಾಯಿತು.